ಹುಂಜ ಮತ್ತು ಹೇಂಟೆಗಳ ತಳಿಯನ್ನು ಅದಲುಬದಲು ಮಾಡಿದಾಗ ಮರಿಯ ಬಣ್ಣದಿಂದ ಲಿಂಗ ಗುರುತಿಸಲು ಏಕೆ ಆಗುವುದಿಲ್ಲ?

ಪಟ್ಟೆಗರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮರಿಗಳು ಮೊಟ್ಟೆಯೊಡೆದು ಹೊರಬಂದ ದಿನವೇ ತುಪ್ಪಳದ ಬಣ್ಣ ನೋಡಿ ಗಂಡು ಯಾವುದು, ಹೆಣ್ಣು ಯಾವುದು ಎಂದು ಹೇಳಲು ಬರುವಂಥ ಮಿಶ್ರತಳಿಗಳ ಬಗ್ಗೆ ಓದಿ, ಎರಡು ವರ್ಷಗಳಿಂದ ಸಣ್ಣ ಪ್ರಮಾಣದಲ್ಲಿ ಪ್ರಯತ್ನಿಸುತ್ತಿದ್ದೇನೆ. ಈವರೆಗೆ ಮೂರು ಬಾರಿ ಮರಿ ಮಾಡಿಸಿದ್ದೇನೆ. ಮೂರು ಬಾರಿಯೂ ಫಲ ಬೇರೆ ಬೇರೆಯಾಗಿದ್ದು, ಕಾರಣವನ್ನು ಬಿಡಿಸಿಕೊಳ್ಳಲು ನನ್ನಿಂದ ಆಗಿಲ್ಲ.

ಮೊದಲ ಬಾರಿ ರೋಡ್ ಐಲ್ಯಾಂಡ್ ರೆಡ್ ಹುಂಜವನ್ನು ಬಾರ್ಡ್ ಪ್ಲಿಮತ್ ರಾಕ್ ಹೇಂಟೆಗಳ ಜೊತೆ ಬಿಟ್ಟೆ. 26 ಮರಿಗಳಾದವು. ಎಲ್ಲವೂ ಕಪ್ಪು, ಅವುಗಳಲ್ಲಿ 14 ಮರಿಗಳ ನೆತ್ತಿಯ ಮೇಲೆ ಬಿಳಿ ಬೊಟ್ಟು ಇತ್ತು, ಉಳಿದ 12ಕ್ಕೆ ಇರಲಿಲ್ಲ. ಬೆಳೆದ ಮೇಲೆ ನೋಡಿದರೆ ಬೊಟ್ಟಿದ್ದವೆಲ್ಲ ಪಟ್ಟೆ ಗರಿಯ ಹುಂಜಗಳು, ಬೊಟ್ಟಿಲ್ಲದವೆಲ್ಲ ಕತ್ತಿನಲ್ಲಿ ಹೊನ್ನಿನ ಛಾಯೆಯುಳ್ಳ ಕಪ್ಪು ಹೇಂಟೆಗಳು. ಒಂದೇ ಒಂದು ತಪ್ಪಲಿಲ್ಲ.

ಎರಡನೆಯ ಬಾರಿ ಅದೇ ಎರಡು ತಳಿಗಳು, ಆದರೆ ಹುಂಜ ಬಾರ್ಡ್ ರಾಕ್, ಹೇಂಟೆಗಳು ಕೆಂಪು. ತಳಿ ಅವೇ ಆದ್ದರಿಂದ ಫಲವೂ ಅದೇ ಇರುತ್ತದೆಂದು ನಂಬಿದ್ದೆ. ಹುಟ್ಟಿದ 19 ಮರಿಗಳಿಗೂ ನೆತ್ತಿಯಲ್ಲಿ ಬೊಟ್ಟು ಇತ್ತು, 19ಕ್ಕೂ ಪಟ್ಟೆ ಗರಿಗಳೇ ಬಂದವು.

ಮೂರನೆಯ ಬಾರಿ ಕೆಂಪು ಹುಂಜಕ್ಕೆ ಬಿಳಿ ಹೇಂಟೆಗಳನ್ನು ಜೊತೆ ಮಾಡಿದೆ. ಗಂಡು ಮರಿ ತಿಳಿಹಳದಿ, ಹೆಣ್ಣು ಮರಿ ಕೆಂಗಂದು ಬಣ್ಣದವಾಗುತ್ತವೆ ಎಂದು ಓದಿದ್ದೆ. ಆದರೆ 22 ಮರಿಗಳೂ ತಿಳಿಹಳದಿಯಾಗಿಯೇ ಹುಟ್ಟಿದವು. ಮೂರ್ನಾಲ್ಕು ಮರಿಗಳ ಬೆನ್ನಿನ ಮೇಲೆ ಸಣ್ಣ ಕಪ್ಪು ಚುಕ್ಕೆಗಳಿದ್ದವು. ಆ ಬಿಳಿ ಹೇಂಟೆಗಳನ್ನು ನನಗೆ ಕೊಟ್ಟವರಿಗೆ ಅವುಗಳ ತಳಿ ಯಾವುದೆಂದು ಖಚಿತವಾಗಿ ಗೊತ್ತಿರಲಿಲ್ಲ.

ತಳಿಗಳನ್ನು ಅದಲುಬದಲು ಮಾಡಿದ ಮಾತ್ರಕ್ಕೆ ಲೆಕ್ಕ ಏಕೆ ಕೆಟ್ಟಿತು, ಬಿಳಿ ಹೇಂಟೆಗಳ ವಿಷಯದಲ್ಲಿ ಆದ ತಪ್ಪೇನು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಜೊತೆಗೆ ಇನ್ನೊಂದು ಸಂದೇಹವೂ ಇದೆ: ಮೊದಲ ಬಾರಿಯ ಪಟ್ಟೆ ಹುಂಜ ಮತ್ತು ಕಪ್ಪು ಹೇಂಟೆಗಳನ್ನೇ ಪರಸ್ಪರ ಕೂಡಿಸಿದರೆ, ಲಿಂಗ ಗುರುತಿಸಬಹುದಾದ ಮರಿಗಳು ಮುಂದೆಯೂ ಸಿಗುತ್ತಾ ಹೋಗುತ್ತವೆಯೇ?

ತಳಿಲೆಕ್ಕ (ಉತ್ತರ)

ಪಟ್ಟೆಗರಿಯವರೇ, ಮೂರು ಬಾರಿಯ ಎಣಿಕೆಯನ್ನೂ ನೀವು ಬರೆದಿಟ್ಟಿರುವುದು ಬಹಳ ಒಳ್ಳೆಯದಾಯಿತು. ಅದು ಇಲ್ಲದಿದ್ದರೆ ನಾವೆಲ್ಲ ಊಹೆಯ ಮೇಲೆ ಮಾತನಾಡಬೇಕಾಗುತ್ತಿತ್ತು. ನಾನು ಮೊದಲ ಎರಡು ಬಾರಿಯ ಫಲವನ್ನು ಮಾತ್ರ ವಿವರಿಸುತ್ತೇನೆ. ಬಿಳಿ ಹೇಂಟೆಗಳ ವಿಷಯ ಬೇರೆಯೇ ಆದದ್ದು.

ಕೋಳಿಯ ಜೀವಕೋಶದಲ್ಲಿ 39 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಒಂದು ಜೊತೆ ಲಿಂಗಕ್ಕೆ ಸಂಬಂಧಿಸಿದ್ದು. ಮನುಷ್ಯರಲ್ಲಿ ಹೆಣ್ಣಿಗೆ ಒಂದೇ ಬಗೆಯ ಎರಡು, ಗಂಡಿಗೆ ಎರಡು ಬಗೆಯ ಒಂದೊಂದು ಲಿಂಗ ವರ್ಣತಂತು ಇರುವುದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಹಕ್ಕಿಗಳಲ್ಲಿ ಇದು ತಿರುವುಮುರುವು: ಹುಂಜಕ್ಕೆ ಎರಡು ಝಡ್ ಇರುತ್ತವೆ, ಹೇಂಟೆಗೆ ಒಂದು ಝಡ್ ಮತ್ತು ಒಂದು ಡಬ್ಲ್ಯೂ. ಆದ್ದರಿಂದ ಕೋಳಿಯಲ್ಲಿ ಮರಿಯ ಲಿಂಗವನ್ನು ನಿರ್ಧರಿಸುವುದು ತಾಯಿಯ ಅಂಡ. ಹೇಂಟೆಯ ಅಂಡಕ್ಕೆ ಝಡ್ ಬಂದರೆ ಮರಿ ಗಂಡು, ಡಬ್ಲ್ಯೂ ಬಂದರೆ ಹೆಣ್ಣು. ಹುಂಜದ ಕಡೆಯಿಂದ ಬರುವುದು ಯಾವಾಗಲೂ ಝಡ್ ಮಾತ್ರ.

ಇದರಿಂದ ಹೊರಡುವ ಒಂದು ಮಾತನ್ನು ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಇದರಲ್ಲಿ. ಹೇಂಟೆಯ ಬಳಿ ಇರುವ ಒಂದೇ ಒಂದು ಝಡ್ ಅದರ ಗಂಡು ಮರಿಗಳಿಗೆಲ್ಲ ಹೋಗುತ್ತದೆ, ಹೆಣ್ಣು ಮರಿಗೆ ಎಂದಿಗೂ ಹೋಗುವುದಿಲ್ಲ. ಹೆಣ್ಣು ಮರಿಯ ಝಡ್ ಯಾವಾಗಲೂ ತಂದೆಯಿಂದ ಬಂದದ್ದೇ. ಹೀಗಾಗಿ ಝಡ್ ಮೇಲಿರುವ ಬಣ್ಣದ ಗುಣಗಳು ತಾಯಿಯಿಂದ ಮಗನಿಗೆ, ತಂದೆಯಿಂದ ಮಗಳಿಗೆ ಎಂಬಂತೆ ಅಡ್ಡಹಾಯ್ದು ಹೋಗುತ್ತವೆ. ಗಾತ್ರದಲ್ಲಿ ಚಿಕ್ಕದಾದ ಡಬ್ಲ್ಯೂ ವರ್ಣತಂತುವಿನಲ್ಲಿ ಈ ಬಣ್ಣದ ಗುಣಗಳಿಗೆ ಸಾಟಿಯಾದ ಪ್ರತಿಗಳೇ ಇಲ್ಲ. ಹಾಗಾಗಿ ಹೇಂಟೆಯಲ್ಲಿ ತಂದೆಯಿಂದ ಬಂದ ಗುಣ ಪ್ರಬಲವಾಗಿರಲಿ (ಒಂದೇ ಪ್ರತಿ ಇದ್ದರೂ ಕಾಣಿಸಿಕೊಳ್ಳುವಂಥದ್ದು), ದುರ್ಬಲವಾಗಿರಲಿ (ಪ್ರಬಲ ಗುಣದ ಎದುರು ಮರೆಯಾಗುವಂಥದ್ದು), ಅದನ್ನು ಮರೆಮಾಡುವಂಥದ್ದು ಎದುರಿಗೆ ಏನೂ ಇರುವುದಿಲ್ಲ.

ಈಗ ಪಟ್ಟೆಯ ವಿಷಯಕ್ಕೆ ಬರೋಣ. ಬಾರ್ಡ್ ರಾಕ್ ತಳಿಯ ಪಟ್ಟೆಗೆ ಕಾರಣವಾದ ವಂಶವಾಹಿ ಝಡ್ ಮೇಲಿದೆ, ಮತ್ತು ಅದು ಪ್ರಬಲ ಗುಣ. ಗರಿ ಬೆಳೆಯುತ್ತಿರುವಾಗ ಬಣ್ಣ ತುಂಬುವ ಕೋಶಗಳು ಸ್ವಲ್ಪ ಕಾಲ ಕೆಲಸ ಮಾಡಿ, ನಡುವೆ ಬೇಗನೆ ಮುಗಿದುಹೋಗಿ, ಮತ್ತೆ ಹೊಸದಾಗಿ ಬರುವುದರಿಂದ ಗರಿಯಲ್ಲಿ ಕಪ್ಪು, ಬಿಳಿ, ಕಪ್ಪು ಎಂದು ಅಡ್ಡಗೆರೆಗಳು ಮೂಡುತ್ತವೆ. ಕೋಶ ವಿಭಜನೆಗೆ ಕಡಿವಾಣ ಹಾಕುವ ಸಿಡಿಕೆಎನ್2ಎ ಎಂಬ ವಂಶವಾಹಿಯಲ್ಲಿನ ಬದಲಾವಣೆ ಇದರ ಮೂಲವೆಂದು 2010ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮರಿಯಾಗಿದ್ದಾಗ ಇದೇ ಗುಣ ಕಪ್ಪು ತುಪ್ಪಳದ ನಡುವೆ ನೆತ್ತಿಯ ಬಿಳಿ ಬೊಟ್ಟಾಗಿ ಕಾಣಿಸಿಕೊಳ್ಳುತ್ತದೆ.

ನಿಮ್ಮ ಮೊದಲ ಬಾರಿಯಲ್ಲಿ ಪಟ್ಟೆಯ ಗುಣ ಇದ್ದದ್ದು ತಾಯಿಯ ಒಂದೇ ಝಡ್ ಮೇಲೆ. ಅದು ಹೋದದ್ದು ಗಂಡು ಮರಿಗಳಿಗೆ ಮಾತ್ರ. ಹೆಣ್ಣು ಮರಿಗಳಿಗೆ ಸಿಕ್ಕಿದ್ದು ಕೆಂಪು ತಂದೆಯ ಪಟ್ಟೆಯಿಲ್ಲದ ಝಡ್. ಬೊಟ್ಟಿದ್ದರೆ ಗಂಡು, ಇಲ್ಲದಿದ್ದರೆ ಹೆಣ್ಣು. ತುಪ್ಪಳವನ್ನು ಕಪ್ಪಾಗಿಸುವ ಗುಣವೂ ಬಾರ್ಡ್ ರಾಕ್ ತಾಯಿಯದೇ. ಆದರೆ ಅದು ಲಿಂಗ ವರ್ಣತಂತುವಿನಲ್ಲಿಲ್ಲ, ಬೇರೊಂದು ಸಾಮಾನ್ಯ ವರ್ಣತಂತುವಿನಲ್ಲಿದೆ, ಹಾಗಾಗಿ ಗಂಡು ಹೆಣ್ಣೆನ್ನದೆ ಎಲ್ಲ ಮರಿಗಳಿಗೂ ಸಮಾನವಾಗಿ ಸಿಕ್ಕಿತು. ಕರಿಯ ಹಲಗೆಯಂತೆ ತುಪ್ಪಳ ಕಪ್ಪಾಗಿದ್ದುದರಿಂದಲೇ ಬಿಳಿ ಬೊಟ್ಟು ನಿಮ್ಮ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಬಿತ್ತು.

ಎರಡನೆಯ ಬಾರಿಯಲ್ಲಿ ಪಟ್ಟೆ ತಂದೆಯ ಕಡೆಗೆ ಹೋಯಿತು. ಶುದ್ಧ ಬಾರ್ಡ್ ರಾಕ್ ಹುಂಜದ ಎರಡೂ ಝಡ್‌ಗಳ ಮೇಲೆ ಪಟ್ಟೆಯ ಗುಣವಿರುತ್ತದೆ. ಅದು ತನ್ನ ಪ್ರತಿ ಮಗನಿಗೂ ಪ್ರತಿ ಮಗಳಿಗೂ ಪಟ್ಟೆಯ ಝಡ್ ಅನ್ನೇ ಕೊಟ್ಟಿತು. ಗಂಡು ಮರಿಗೆ ತಾಯಿಯಿಂದ ಪಟ್ಟೆಯಿಲ್ಲದ ಇನ್ನೊಂದು ಝಡ್ ಬಂದರೂ ಪಟ್ಟೆ ಪ್ರಬಲವಾದ್ದರಿಂದ ಅದು ಮರೆಯಾಯಿತು. ಹತ್ತೊಂಬತ್ತಕ್ಕೆ ಹತ್ತೊಂಬತ್ತೂ ಬೊಟ್ಟಿನವೇ ಹುಟ್ಟಿದ್ದರಲ್ಲಿ ನಿಮ್ಮ ಕಡೆಯ ತಪ್ಪೇನೂ ಇಲ್ಲ. ಈ ಕೂಡಿಕೆಯಲ್ಲಿ ಆಗಲೇಬೇಕಾದದ್ದು ಅದೇ.

ಆದ್ದರಿಂದ ನಿಯಮ ಹೀಗಿದೆ: ಝಡ್ ಮೇಲಿನ ಪ್ರಬಲ ಗುಣ ಹೇಂಟೆಯಲ್ಲಿರಬೇಕು, ಅದಕ್ಕೆ ಎದುರಾದ ದುರ್ಬಲ ಗುಣ ಹುಂಜದ ಎರಡೂ ಝಡ್‌ಗಳಲ್ಲಿರಬೇಕು. ತಳಿಯ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಇದನ್ನು ಅರ್ಥ ಮಾಡಿಕೊಳ್ಳುವುದು ಮೇಲು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ, ಏಕೆಂದರೆ ಒಂದೇ ಹೆಸರಿನ ತಳಿಯಲ್ಲೂ ಒಳಗಿನ ಗುಣಗಳು ಎಲ್ಲ ಕಡೆ ಒಂದೇ ಇರುವುದಿಲ್ಲ.

ಇದು ಹೊಸ ವಿದ್ಯೆಯೇನೂ ಅಲ್ಲ. ಬಾರ್ಡ್ ರಾಕ್ ಪಟ್ಟೆ ಲಿಂಗದೊಂದಿಗೆ ಸೇರಿಕೊಂಡು ಸಾಗುತ್ತದೆ ಎಂದು ಅಮೆರಿಕದ ಸ್ಪಿಲ್‌ಮನ್ 1908ರಷ್ಟು ಹಿಂದೆಯೇ ಬರೆದಿದ್ದರು. ಗುಣವೊಂದು ಹೀಗೆಯೇ ಲಿಂಗದೊಂದಿಗೆ ಸಾಗುವುದನ್ನು ತೋರಿಸಿದ, ಹಣ್ಣುನೊಣದ ಬಿಳಿಗಣ್ಣಿನ ಕುರಿತ ತಳಿವಿಜ್ಞಾನಿ ಮಾರ್ಗನ್ ಅವರ ಪ್ರಸಿದ್ಧ ಬರಹ ಬಂದದ್ದು 1910ರಲ್ಲಿ. ಕೋಳಿ ಸಾಕುವವರ ಅಂಗಳದಲ್ಲಿ ಎಲ್ಲರೂ ನೋಡುತ್ತಿದ್ದ ಸಂಗತಿ ತಳಿವಿಜ್ಞಾನದ ಚರಿತ್ರೆಯಲ್ಲಿ ಇಷ್ಟು ಮುಂಚಿತವಾಗಿ ಸ್ಥಾನ ಪಡೆದಿದೆ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ.

ಕಾವುಪೆಟ್ಟಿಗೆ (ಉತ್ತರ)

ತಳಿಲೆಕ್ಕ ಅವರು ಹೇಳಿದ್ದಕ್ಕೆ ಚಿಕ್ಕದೊಂದು ಸೇರ್ಪಡೆ. ನೆತ್ತಿಯ ಬೊಟ್ಟನ್ನು ಮರಿಯ ತುಪ್ಪಳ ಪೂರ್ತಿ ಒಣಗಿದ ಮೇಲೆ, ಆದರೆ ಮೊದಲ ಒಂದೆರಡು ದಿನಗಳ ಒಳಗೆ ನೋಡಿ, ಆಗಲೇ ಕಾಲಿಗೆ ಬಣ್ಣದ ಬಳೆ ಹಾಕಿಬಿಡುವುದು ಕ್ಷೇಮ. ಒದ್ದೆ ತುಪ್ಪಳದಲ್ಲಿ ಬೊಟ್ಟು ಮುದ್ದೆಯಾಗಿ ತಪ್ಪಾಗಿ ಕಾಣುತ್ತದೆ. ಗರಿ ಮೂಡತೊಡಗಿದ ಮೇಲೆ ಅದು ಅಳಿಸಿಹೋಗುತ್ತದೆ. ಕಪ್ಪು ಮರಿಗಳ ಹೊಟ್ಟೆಯ ಕೆಳಭಾಗ ಮತ್ತು ರೆಕ್ಕೆಯ ತುದಿ ಬೆಳ್ಳಗಿರುವುದು ಗಂಡು ಹೆಣ್ಣು ಎರಡರಲ್ಲೂ ಸಾಮಾನ್ಯವಾದ್ದರಿಂದ ಅದನ್ನು ಗುರುತಾಗಿ ತೆಗೆದುಕೊಳ್ಳಬಾರದು. ನೋಡಬೇಕಾದದ್ದು ನೆತ್ತಿಯನ್ನು ಮಾತ್ರ.

ಇನ್ನೊಂದು ಸಂಗತಿಯೂ ಇದೆ. ಶುದ್ಧ ಬಾರ್ಡ್ ರಾಕ್ ಮರಿಗಳಲ್ಲಿ ಗಂಡಿಗೂ ಹೆಣ್ಣಿಗೂ ಬೊಟ್ಟು ಇರುತ್ತದೆ. ಅಲ್ಲಿ ಗಂಡಿಗೆ ಪಟ್ಟೆಯ ಎರಡು ಪ್ರತಿಗಳು, ಹೆಣ್ಣಿಗೆ ಒಂದೇ ಪ್ರತಿ. ಹೀಗಾಗಿ ಗಂಡಿನ ಬೊಟ್ಟು ದೊಡ್ಡದು, ಅಂಚು ಕದಡಿದಂತಿರುತ್ತದೆ. ಹೆಣ್ಣಿನದು ಚಿಕ್ಕದು, ಅಂಚು ಸ್ಪಷ್ಟ. ದೊಡ್ಡದಾದ ಮೇಲೂ ಹುಂಜದ ಮೈಬಣ್ಣ ಹೇಂಟೆಗಿಂತ ತಿಳಿಯಾಗಿ ಕಾಣುವುದು ಇದೇ ಕಾರಣಕ್ಕೆ. ಆದರೆ ಬೊಟ್ಟಿನ ಗಾತ್ರ ನೋಡಿ ಹೇಳುವುದಕ್ಕೆ ಪಳಗಿದ ಕಣ್ಣು ಬೇಕು, ಮತ್ತು ಪಳಗಿದವರೂ ಕೆಲವು ಮರಿಗಳಲ್ಲಿ ತಪ್ಪುತ್ತಾರೆ. ಪಟ್ಟೆಗರಿಯವರ ಎರಡನೆಯ ಬಾರಿಯ ಮರಿಗಳಲ್ಲಿ ಈ ವ್ಯತ್ಯಾಸವೂ ಸಿಗುವುದಿಲ್ಲ. ಅಲ್ಲಿ ಗಂಡಿಗೂ ಹೆಣ್ಣಿಗೂ ಇರುವುದು ಪಟ್ಟೆಯ ಒಂದೊಂದೇ ಪ್ರತಿ.

ಬಿಳಿಯ ಒಳಗೇನು (ಉತ್ತರ)

ಮೂರನೆಯ ಬಾರಿಯ ಬಗ್ಗೆ ನಾನು ಬರೆಯುತ್ತೇನೆ, ಏಕೆಂದರೆ ಇದೇ ತಪ್ಪನ್ನು ನಾನೂ ಮಾಡಿ ಒಂದು ಇಡೀ ಋತುವನ್ನು ಕಳೆದುಕೊಂಡಿದ್ದೇನೆ.

ಕೆಂಪು ಹುಂಜ ಮತ್ತು ಬಿಳಿ ಹೇಂಟೆ ಎಂಬ ಮಾತು ಬಹಳ ಕಡೆ ಬರುತ್ತದೆ, ಆದರೆ ಅಲ್ಲಿ ಕೆಲಸ ಮಾಡುವುದು ಬಿಳಿಯಲ್ಲ, ಬೆಳ್ಳಿ. ಝಡ್ ವರ್ಣತಂತುವಿನ ಒಂದು ಜಾಗದಲ್ಲಿ ಬೆಳ್ಳಿ ಮತ್ತು ಹೊನ್ನು ಎಂಬ ಎರಡು ರೂಪಗಳಿವೆ. ಆ ವಂಶವಾಹಿಯ ಹೆಸರು ಎಸ್‌ಎಲ್‌ಸಿ45ಎ2. ಬೆಳ್ಳಿ ಪ್ರಬಲ, ಹೊನ್ನು ದುರ್ಬಲ. ಬೆಳ್ಳಿಯ ರೂಪ ಗರಿಯಲ್ಲಿ ಕೆಂಪು ಮತ್ತು ಹಳದಿ ಛಾಯೆಯ ವರ್ಣದ್ರವ್ಯವನ್ನು ತಡೆಯುತ್ತದೆ, ಕಪ್ಪನ್ನು ಮಾತ್ರ ಹಾಗೆಯೇ ಉಳಿಸುತ್ತದೆ. ಲೈಟ್ ಸಸೆಕ್ಸ್ ಹೇಂಟೆಯನ್ನು ನೆನಪಿಸಿಕೊಳ್ಳಿ: ಮೈ ಬೆಳ್ಳಗಿದ್ದು ಕತ್ತಿನಲ್ಲಿ, ರೆಕ್ಕೆಯಲ್ಲಿ, ಬಾಲದಲ್ಲಿ ಕಪ್ಪು ಉಳಿದಿರುತ್ತದೆ. ಅದು ಬೆಳ್ಳಿ. ಅಂಥ ಹೇಂಟೆಗೆ ಕೆಂಪು ಹುಂಜವನ್ನು ಕೂಡಿಸಿದರೆ ತಾಯಿಯ ಬೆಳ್ಳಿ ಗಂಡು ಮರಿಗಳಿಗೆ ಹೋಗಿ ಅವು ತಿಳಿಹಳದಿಯಾಗುತ್ತವೆ. ತಂದೆಯ ಹೊನ್ನು ಹೆಣ್ಣು ಮರಿಗಳಲ್ಲಿ ತಡೆಯಿಲ್ಲದೆ ಪ್ರಕಟವಾಗಿ ಅವು ಕೆಂಗಂದು ಬಣ್ಣ ಪಡೆಯುತ್ತವೆ. ಡೆಲವೇರ್ ಹೇಂಟೆಗಳಿಂದಲೂ ಹೀಗೆಯೇ ಪಡೆಯಬಹುದು.

ಆದರೆ ಪೂರ್ತಿ ಬಿಳಿಯಾಗಿರುವ ಕೋಳಿಯ ಬಿಳುಪಿಗೆ ಬೇರೆ ಕಾರಣಗಳಿರುತ್ತವೆ. ಅವುಗಳಲ್ಲಿ ಮುಖ್ಯವಾದವು ಎರಡು, ಎರಡೂ ಲಿಂಗ ವರ್ಣತಂತುವಿನಲ್ಲಿಲ್ಲ. ಒಂದು ಪ್ರಬಲ ಬಿಳಿ. ವೈಟ್ ಲೆಗ್‌ಹಾರ್ನ್ ತಳಿಯ ಬಿಳುಪು ಇದರಿಂದ ಬಂದದ್ದು. ಇದು ಮುಖ್ಯವಾಗಿ ಕಪ್ಪು ವರ್ಣದ್ರವ್ಯವನ್ನು ಅಳಿಸುತ್ತದೆ, ಕೆಂಪಿನ ಮೇಲೆ ಇದರ ಹಿಡಿತ ಕಡಿಮೆ. ಇನ್ನೊಂದು ದುರ್ಬಲ ಬಿಳಿ. ವೈಟ್ ಪ್ಲಿಮತ್ ರಾಕ್ ತಳಿಯಲ್ಲಿ ಸಾಮಾನ್ಯವಾಗಿ ಕಾಣುವುದು ಇದು. ತಂದೆ ತಾಯಿ ಇಬ್ಬರಿಂದಲೂ ಬಂದಾಗ ಮಾತ್ರ ಇದು ಬಣ್ಣವನ್ನು ತಡೆಯುತ್ತದೆ. ಎರಡೂ ಬಿಳಿಗಳು ಹೊದಿಕೆ ಇದ್ದಂತೆ. ಹೊದಿಕೆಯ ಕೆಳಗೆ ಬೆಳ್ಳಿ ಇದೆಯೋ ಹೊನ್ನು ಇದೆಯೋ, ಪಟ್ಟೆ ಇದೆಯೋ ಅಚ್ಚ ಕಪ್ಪು ಇದೆಯೋ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ.

ಒಳಗಿನದು ತಿಳಿಯಬೇಕಾದರೆ ಮರಿಗಳನ್ನು ಕೇಳಬೇಕು. ಶುದ್ಧ ಕೆಂಪು ಹುಂಜಕ್ಕೆ ಕೂಡಿಸಿದಾಗ ಹುಟ್ಟಿದ ಮರಿಗಳಲ್ಲಿ ಸುಮಾರು ಅರ್ಧ ತಿಳಿಹಳದಿ, ಅರ್ಧ ಕೆಂಗಂದು ಆದರೆ ಆ ಹೇಂಟೆಯಲ್ಲಿ ಇದ್ದದ್ದು ದುರ್ಬಲ ಬಿಳಿ, ಅದರ ಕೆಳಗೆ ಬೆಳ್ಳಿ. ಕೆಂಪು ತಂದೆ ದುರ್ಬಲ ಬಿಳಿಯನ್ನು ಕೊಡದ ಕಾರಣ ಹೊದಿಕೆ ಸರಿದು ಬೆಳ್ಳಿ ಹೊನ್ನುಗಳ ಆಟ ಕಣ್ಣಿಗೆ ಬಿದ್ದಿದೆ ಎಂದರ್ಥ. ಎಲ್ಲ ಮರಿಗಳೂ ಕೆಂಗಂದು ಆದರೆ ದುರ್ಬಲ ಬಿಳಿಯ ಕೆಳಗೆ ಇದ್ದದ್ದು ಹೊನ್ನೇ. ಎಲ್ಲವೂ ಕಪ್ಪಾದರೆ ಕೆಳಗೆ ಕಪ್ಪನ್ನು ಹರಡುವ ಗುಣ ಅಡಗಿತ್ತು, ಆ ಕಪ್ಪು ಬೆಳ್ಳಿ ಹೊನ್ನುಗಳೆರಡನ್ನೂ ಮುಚ್ಚಿಬಿಟ್ಟಿದೆ. ನಿಮ್ಮಲ್ಲಿ ಆದಂತೆ ಎಲ್ಲವೂ ತಿಳಿಹಳದಿಯಾಗಿ, ಅಲ್ಲೊಂದು ಇಲ್ಲೊಂದು ಮರಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಪ್ರಬಲ ಬಿಳಿಯ ಗುರುತು. ಪ್ರಬಲ ಬಿಳಿಯ ಒಂದೇ ಪ್ರತಿ ಇರುವ ಮರಿಗಳಲ್ಲಿ ಕಪ್ಪು ಹೀಗೆ ಸ್ವಲ್ಪ ಸೋರಿಕೊಳ್ಳುವುದುಂಟು. 22 ಮರಿಗಳಲ್ಲಿ ಒಂದೂ ತಪ್ಪಿಸಿಕೊಂಡಿಲ್ಲವಾದ್ದರಿಂದ ನಿಮ್ಮ ಹೇಂಟೆಗಳು ಪ್ರಬಲ ಬಿಳಿಯ ಎರಡೂ ಪ್ರತಿಗಳನ್ನು ಹೊತ್ತವು ಎಂದು ಧೈರ್ಯವಾಗಿ ಹೇಳಬಹುದು. ಆ ಗುಣ ಸಾಮಾನ್ಯ ವರ್ಣತಂತುವಿನಲ್ಲಿರುವುದರಿಂದ ಗಂಡಿಗೂ ಹೆಣ್ಣಿಗೂ ಒಂದೇ ಸಮನೆ ಹೋಯಿತು, ಹಾಗಾಗಿ ಲಿಂಗ ಗುರುತಿಸುವ ದಾರಿ ಮುಚ್ಚಿತು. ಆ ಹೇಂಟೆಗಳ ಝಡ್ ಮೇಲೆ ಬೆಳ್ಳಿ ಇದ್ದರೂ ಇರಬಹುದು. ಅದು ನಿಮಗೆ ಕಾಣುವಂತಿಲ್ಲ, ಅಷ್ಟೆ.

ಹುಂಜದ ವಿಷಯದಲ್ಲಿ ಮಾತ್ರ ನೀವು ನಿಶ್ಚಿಂತರಾಗಿರಬಹುದು. ಹೊನ್ನು ದುರ್ಬಲ ಗುಣವಾದ್ದರಿಂದ, ಹುಂಜ ಮೈತುಂಬ ಕೆಂಪಾಗಿ ಕಾಣುತ್ತಿದೆ ಎಂದರೆ ಅದರ ಎರಡೂ ಝಡ್‌ಗಳಲ್ಲಿ ಹೊನ್ನೇ ಇರಬೇಕು. ಮೈಬಣ್ಣವೇ ಅದಕ್ಕೆ ಪ್ರಮಾಣಪತ್ರ. ಕರಿಯ ಹುಂಜಕ್ಕೋ ಬಿಳಿಯ ಹುಂಜಕ್ಕೋ ಈ ಮಾತು ಅನ್ವಯಿಸುವುದಿಲ್ಲ.

ಪಟ್ಟೆಗರಿ

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕಪ್ಪು ಚುಕ್ಕೆಗಳನ್ನು ನಾನು ಕೊಳೆಯೆಂದು ತಿಳಿದು ಒರೆಸಲು ಹೋಗಿದ್ದೆ. ಅದೇ ಸಾಕ್ಷಿಯಾಗುತ್ತದೆಂದು ಎಣಿಸಿರಲಿಲ್ಲ.

ನನ್ನ ಕೊನೆಯ ಸಂದೇಹ ಹಾಗೆಯೇ ಉಳಿದಿದೆ. ಮೊದಲ ಬಾರಿಯ ಪಟ್ಟೆ ಹುಂಜ ಮತ್ತು ಕಪ್ಪು ಹೇಂಟೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ. ಎರಡನೆಯ ಬಾರಿಯ ಪಟ್ಟೆ ಹೇಂಟೆಗಳೂ ಏಳು ಇವೆ. ಮೂಲ ಬಾರ್ಡ್ ರಾಕ್ ಹೇಂಟೆಗಳು ಮಾತ್ರ ಈಗ ಉಳಿದಿಲ್ಲ. ಕೆಂಪು ಹುಂಜ ಇದೆ. ಈ ಸಂಗ್ರಹದಿಂದ ಮತ್ತೆ ಲಿಂಗ ಗುರುತಿಸಬಹುದಾದ ಮರಿಗಳನ್ನು ಪಡೆಯಲು ಸಾಧ್ಯವೇ, ಅಥವಾ ಎಲ್ಲವನ್ನೂ ಹೊಸದಾಗಿ ಆರಂಭಿಸಬೇಕೆ?

ತಳಿಲೆಕ್ಕ (ಉತ್ತರ)

ಹೊಸದಾಗಿ ಆರಂಭಿಸುವ ಅಗತ್ಯ ಪೂರ್ತಿಯಾಗಿ ಇಲ್ಲ. ನಿಮ್ಮಲ್ಲಿರುವ ಹಕ್ಕಿಗಳನ್ನು ಒಂದೊಂದಾಗಿ ನೋಡೋಣ.

ಮೊದಲ ಬಾರಿಯ ಪಟ್ಟೆ ಹುಂಜದ ಒಂದು ಝಡ್‌ನಲ್ಲಿ ಪಟ್ಟೆಯಿದೆ, ಇನ್ನೊಂದರಲ್ಲಿ ಇಲ್ಲ. ಅದನ್ನು ಅದರ ಜೊತೆಯ ಕಪ್ಪು ಹೇಂಟೆಗೆ ಕೂಡಿಸಿದರೆ ಗಂಡು ಮರಿಗಳಲ್ಲಿ ಅರ್ಧಕ್ಕೆ ಪಟ್ಟೆ ಬರುತ್ತದೆ, ಹೆಣ್ಣು ಮರಿಗಳಲ್ಲೂ ಅರ್ಧಕ್ಕೆ ಬರುತ್ತದೆ. ನಾಲ್ಕು ಬಗೆಯ ಮರಿಗಳು ಸಮ ಪ್ರಮಾಣದಲ್ಲಿ ಹುಟ್ಟುವುದರಿಂದ ಬೊಟ್ಟು ನೋಡಿ ಏನೂ ಹೇಳಲಾಗದು. ನಿಮ್ಮ ಪ್ರಶ್ನೆಗೆ ನೇರ ಉತ್ತರ ಇದು: ಈ ಗುರುತು ಒಂದು ತಲೆಮಾರಿನದು ಮಾತ್ರ. ಇದನ್ನು ಉಳಿಸಿಕೊಳ್ಳುವವರು ಎರಡು ಶುದ್ಧ ತಳಿಗಳನ್ನು ಬೇರೆ ಬೇರೆಯಾಗಿ ಕಾಪಾಡಿಕೊಂಡು, ಪ್ರತಿ ಬಾರಿಯೂ ಹೊಸದಾಗಿ ಕೂಡಿಸುತ್ತಾರೆ.

ಮೊದಲ ಬಾರಿಯ ಕಪ್ಪು ಹೇಂಟೆಗಳಿಂದಲೂ ಉಪಯೋಗವಿಲ್ಲ. ನೋಡಲು ಅವು ತಾಯಿಯಂತೆ ಕಪ್ಪು, ಆದರೆ ಅವುಗಳ ಝಡ್ ಪೂರ್ತಿಯಾಗಿ ಕೆಂಪು ತಂದೆಯದು. ಕತ್ತಿನಲ್ಲಿ ಹೊನ್ನಿನ ಛಾಯೆ ಮಿನುಗುವುದು ಅದಕ್ಕಾಗಿಯೇ. ಕೆಂಪು ಹುಂಜದ ಎದುರಿಗೆ ಇಟ್ಟಾಗ ಅವುಗಳ ಝಡ್ ಮೇಲೆ ಭಿನ್ನವಾದದ್ದು ಏನೂ ಇರುವುದಿಲ್ಲ.

ನಿಮ್ಮ ಆಸ್ತಿ ಇರುವುದು ವಿಫಲವೆಂದು ನೀವು ತಿಳಿದ ಎರಡನೆಯ ಬಾರಿಯಲ್ಲಿ. ಅಲ್ಲಿ ಹುಟ್ಟಿದ ಏಳು ಪಟ್ಟೆ ಹೇಂಟೆಗಳ ಏಕೈಕ ಝಡ್ ಬಾರ್ಡ್ ರಾಕ್ ತಂದೆಯಿಂದ ಬಂದದ್ದು, ಅದರ ಮೇಲೆ ಪಟ್ಟೆಯಿದೆ. ಝಡ್ ಮೇಲಿನ ಗುಣಗಳ ಮಟ್ಟಿಗೆ ಹೇಂಟೆಯಲ್ಲಿ ಬೆರಕೆ ಎಂಬುದು ಇರಲು ಸಾಧ್ಯವೇ ಇಲ್ಲ, ಏಕೆಂದರೆ ಅದರಲ್ಲಿ ಇರುವುದೇ ಒಂದು ಪ್ರತಿ. ಉಳಿದ ಗುಣಗಳಲ್ಲಿ ಎಷ್ಟೇ ಮಿಶ್ರವಾಗಿದ್ದರೂ, ಪಟ್ಟೆಯ ವಿಷಯದಲ್ಲಿ ಆ ಹೇಂಟೆಗಳು ಶುದ್ಧ ಬಾರ್ಡ್ ರಾಕ್ ಹೇಂಟೆಗೆ ಸಮ. ಅವಕ್ಕೆ ಕೆಂಪು ಹುಂಜವನ್ನು ಕೂಡಿಸಿದರೆ ಗಂಡು ಮರಿಗಳಿಗೆಲ್ಲ ಪಟ್ಟೆ ಸಿಗುತ್ತದೆ, ಹೆಣ್ಣು ಮರಿಗಳಲ್ಲಿ ಒಂದಕ್ಕೂ ಸಿಗುವುದಿಲ್ಲ.

ಆದರೆ ಒಂದು ತೊಡಕಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ತುಪ್ಪಳವನ್ನು ಕಪ್ಪಾಗಿಸುವ ಗುಣ ಆ ಹೇಂಟೆಗಳಲ್ಲಿ ಒಂದೇ ಪ್ರತಿ ಇದೆ. ಅದರ ಜೋಡಿ ಕೆಂಪು ತಾಯಿಯದು. ಕೆಂಪು ಹುಂಜದಲ್ಲಿ ಅದು ಇಲ್ಲವೇ ಇಲ್ಲ. ಆದ್ದರಿಂದ ಸುಮಾರು ಅರ್ಧದಷ್ಟು ಮರಿಗಳು ಮಾತ್ರ ಕಪ್ಪಾಗಿ ಹುಟ್ಟುತ್ತವೆ, ಉಳಿದವು ಕಂದು ಅಥವಾ ತಿಳಿ ಛಾಯೆಯವು. ಕಪ್ಪು ಮರಿಗಳಲ್ಲಿ ಬೊಟ್ಟಿನ ಗುರುತು ಮೊದಲ ಬಾರಿಯಷ್ಟೇ ಸರಿಯಾಗಿ ಕೆಲಸ ಮಾಡುತ್ತದೆ. ತಿಳಿ ಛಾಯೆಯ ತುಪ್ಪಳದಲ್ಲಿ ಬೊಟ್ಟನ್ನು ನಂಬಬೇಡಿ. ಒಂದು ವೇಳೆ ನಿಮ್ಮ ಬಾರ್ಡ್ ರಾಕ್ ಹುಂಜದಲ್ಲಿ ಪಟ್ಟೆಯ ಜೊತೆಗೆ ಬೆಳ್ಳಿಯೂ ಇದ್ದಿದ್ದರೆ, ಕಪ್ಪಲ್ಲದ ಮರಿಗಳು ಬೆಳ್ಳಿ ಹೊನ್ನಿನ ಆಧಾರದ ಮೇಲೆ ತಾವಾಗಿಯೇ ಎರಡು ಗುಂಪಾಗುತ್ತವೆ: ಗಂಡು ತಿಳಿಹಳದಿ, ಹೆಣ್ಣು ಕೆಂಗಂದು. ಹಾಗಾಗುತ್ತದೆಯೇ ಎಂದು ಒಂದು ಬಾರಿ ಮರಿ ಮಾಡಿಸಿ, ಪ್ರತಿ ಮರಿಗೂ ಬಳೆ ಹಾಕಿ, ದೊಡ್ಡದಾಗುವವರೆಗೆ ಕಾದು ಪರೀಕ್ಷಿಸುವುದು ಖಂಡಿತ ಯೋಗ್ಯ.

ಕಾವುಪೆಟ್ಟಿಗೆ (ಉತ್ತರ)

ಒಂದೇ ತಲೆಮಾರಿಗೆ ಮುಗಿಯುವ ಗುರುತಿನಿಂದ ಬೇಸರವಾದವರಿಗೆ ಇನ್ನೆರಡು ದಾರಿಗಳಿವೆ.

ಮೊದಲನೆಯದು, ತನ್ನೊಳಗೇ ಗುರುತು ಹೊತ್ತ ಶುದ್ಧ ತಳಿಗಳು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಪನೆಟ್ ಮತ್ತು ಪೀಸ್ ಎಂಬ ವಿಜ್ಞಾನಿಗಳು ಬಾರ್ಡ್ ರಾಕ್ ಪಟ್ಟೆಯನ್ನು ಹೊನ್ನಿನ ಬಣ್ಣದ ಕ್ಯಾಂಪೈನ್ ತಳಿಗೆ ಸೇರಿಸಿ, 1929ರಲ್ಲಿ ಕ್ಯಾಂಬಾರ್ ಎಂಬ ತಳಿಯನ್ನು ರೂಪಿಸಿದರು. ಆಮೇಲೆ ಬಂದ ಲೆಗ್‌ಬಾರ್ ಇದೇ ತತ್ತ್ವದ್ದು. ಕಪ್ಪು ತುಪ್ಪಳದ ಬದಲು, ಕಾಡುಕೋಳಿಯ ಮರಿಯಂತೆ ಬೆನ್ನಿನಲ್ಲಿ ಕಂದು ಗೆರೆಗಳಿರುವ ತುಪ್ಪಳದ ಮೇಲೆ ಪಟ್ಟೆಯ ಗುಣವನ್ನು ಕೂಡಿಸಿದಾಗ, ಎರಡು ಪ್ರತಿ ಪಡೆದ ಗಂಡು ಮರಿಯ ಗೆರೆಗಳು ತೊಳೆದಂತೆ ಮಸುಕಾಗುತ್ತವೆ. ಒಂದು ಪ್ರತಿಯ ಹೆಣ್ಣು ಮರಿಯಲ್ಲಿ ಅವು ಎದ್ದು ಕಾಣುತ್ತವೆ. ಇಲ್ಲಿ ಕೆಲಸ ಮಾಡುವುದು ಪ್ರತಿಗಳ ಸಂಖ್ಯೆ. ಅದು ತಲೆಮಾರಿನಿಂದ ತಲೆಮಾರಿಗೆ ಬದಲಾಗುವುದಿಲ್ಲ, ಆದ್ದರಿಂದ ಹುಂಜವೂ ಹೇಂಟೆಯೂ ಅದೇ ತಳಿಯವಾಗಿದ್ದರೆ ಸಾಕು. ಸಣ್ಣ ಪ್ರಮಾಣದಲ್ಲಿ ಸಾಕುವವರಿಗೆ ಎರಡು ಹಿಂಡುಗಳನ್ನು ಬೇರೆ ಇಡುವ ಶ್ರಮಕ್ಕಿಂತ ಇದೇ ಹೆಚ್ಚು ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ.

ಎರಡನೆಯದು ಬಣ್ಣಕ್ಕೆ ಸಂಬಂಧಿಸಿದ್ದಲ್ಲ, ಆದರೆ ಅದೇ ಝಡ್‌ನ ಲೆಕ್ಕ. ರೆಕ್ಕೆಯ ಗರಿ ನಿಧಾನವಾಗಿ ಬೆಳೆಯುವ ಗುಣ ಪ್ರಬಲ, ಬೇಗ ಬೆಳೆಯುವುದು ದುರ್ಬಲ. ಬೇಗ ಗರಿ ಬರುವ ಹುಂಜಕ್ಕೆ ನಿಧಾನವಾಗಿ ಗರಿ ಬರುವ ಹೇಂಟೆಯನ್ನು ಕೂಡಿಸಿದರೆ, ಮೊದಲ ದಿನವೇ ರೆಕ್ಕೆ ಬಿಡಿಸಿ ನೋಡಿದಾಗ ಹೆಣ್ಣು ಮರಿಯ ಮುಖ್ಯ ಗರಿಗಳು ಅವನ್ನು ಮುಚ್ಚುವ ಮೇಲುಗರಿಗಳಿಗಿಂತ ಉದ್ದವಾಗಿರುತ್ತವೆ. ಗಂಡಿನಲ್ಲಿ ಎರಡೂ ಸಮ, ಇಲ್ಲವೇ ಮೇಲುಗರಿಯೇ ಉದ್ದ. ಬಿಳಿಯ ಹೊದಿಕೆ ಈ ಗುರುತಿಗೆ ಅಡ್ಡಿ ಮಾಡುವುದಿಲ್ಲ, ಹಾಗಾಗಿ ಪೂರ್ತಿ ಬಿಳಿಯ ತಳಿಗಳಲ್ಲಿ ಇದೇ ಅನುಕೂಲ. ಪಟ್ಟೆಗರಿಯವರೇ, ನಿಮ್ಮ ಬಿಳಿ ಹೇಂಟೆಗಳನ್ನು ಬಿಟ್ಟುಕೊಡುವ ಮೊದಲು ಅವುಗಳ ಮರಿಗಳ ರೆಕ್ಕೆಯನ್ನು ಒಮ್ಮೆ ಬಿಡಿಸಿ ನೋಡಿ.

ಪಟ್ಟೆಗರಿ

ನೋಡುತ್ತೇನೆ. ಏಳು ಪಟ್ಟೆ ಹೇಂಟೆಗಳನ್ನು ಇಂದೇ ಬೇರೆ ಮಾಡಿ ಕೆಂಪು ಹುಂಜದ ಜೊತೆಗೆ ಬಿಟ್ಟಿದ್ದೇನೆ. ಅವು ಇದುವರೆಗೆ ಬೇರೆ ಹುಂಜಗಳ ಜೊತೆಗಿದ್ದುದರಿಂದ ಹಳೆಯ ವೀರ್ಯದ ಪ್ರಭಾವ ಹೋಗಲೆಂದು ಮೂರು ವಾರಗಳ ಮೊಟ್ಟೆಗಳನ್ನು ಕಾವಿಗೆ ಇಡದೆ ಬಿಡುತ್ತೇನೆ. ಆಮೇಲೆ ಹುಟ್ಟುವ ಮರಿಗಳಲ್ಲಿ ಕಪ್ಪು ಎಷ್ಟು, ತಿಳಿ ಎಷ್ಟು, ಬೊಟ್ಟಿನವು ಎಷ್ಟು ಎಂಬ ಎಣಿಕೆಯನ್ನು, ಮರಿಗಳು ದೊಡ್ಡವಾಗಿ ಲಿಂಗ ಖಚಿತವಾದ ಮೇಲೆ ಇಲ್ಲಿಯೇ ಬರೆಯುತ್ತೇನೆ.